ಒಂದೊಂದಾಗಿ

“ಸೈರನ್ ಹಾಕಿದಾಗಲೆಲ್ಲ ಪಂಪು ನಿಂತುಹೋಗ್ತಿದೆ,” ಆಂಬುಲೆನ್ಸಿನ ಹಿಂಬದಿಯಿಂದ ನರ್ಸ್ ಕೂಗಿದಳು. ಗಾಯಾಳುವಿನ ಗಂಟಲಲ್ಲಿ ತುಂಬುತ್ತಿದ್ದ ರಕ್ತವನ್ನು ಹೀರುವ ಪಂಪು ಅದು. ಡ್ರೈವರ್ ಸೈರನ್ ನಿಲ್ಲಿಸಿದ; ಪಂಪು ಮತ್ತೆ ಗುರುಗುಟ್ಟಿತು. ಮುಂದಿದ್ದ ವಾಹನಗಳು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಡ್ರೈವರ್ ಪಕ್ಕದಲ್ಲಿ ಅವನ ಭಾವಮೈದುನ ಕೂತಿದ್ದ. ಬೆಳಿಗ್ಗೆ ಆಂಬುಲೆನ್ಸಿನ ಸ್ವಿಚ್ಚುಗಳನ್ನೆಲ್ಲ ಕೂರಿಸಿದವನು ಅವನೇ. ವೈರು ಸಾಲದೆ ಸೈರನ್ನಿಗೂ ಪಂಪಿಗೂ ಸೇರಿಸಿ ಒಂದೇ ತೆಳು ವೈರು ಎಳೆದವನೂ ಅವನೇ.

“ಎಲ್ಲ ಹಾಕಿ ನೋಡಿದ್ದೆ ತಾನೆ?” ಡ್ರೈವರ್ ಅವನತ್ತ ತಿರುಗದೆ ಕೇಳಿದ.

“ನೋಡಿದ್ದೆ ಭಾವ. ಒಂದೊಂದಾಗಿ.”

ಭಾವಮೈದುನ ಕಿಟಕಿ ಇಳಿಸಿ, ಸೊಂಟದವರೆಗೂ ಹೊರಗೆ ಬಾಗಿ, ಗಂಟಲು ಹರಿಯುವಂತೆ ತಾನೇ ಸೈರನ್ನಿನ ಹಾಗೆ ಊಳಿಡತೊಡಗಿದ.

ಮುಂದಿನ ಬೈಕಿನವನು ತಿರುಗಿ ನೋಡಿ ನಕ್ಕ. ಪಕ್ಕಕ್ಕೆ ಸರಿಯಲಿಲ್ಲ.