ಕವಲಿಗೆ ಹಾಕದ ಸೊಪ್ಪು

ದಾರಿ ಕವಲೊಡೆದಲ್ಲಿ ಮಲ್ಲಿಕಾಂಬ ಒಂದು ಹಿಡಿ ಹಸಿ ಸೊಪ್ಪು ಮುರಿದು ನಿಂತಳು. ಕೆಮ್ಮಣ್ಣುಗುಂಡಿ ಕಾಡಿನ ತಪ್ಪುದಾರಿಗೆ ಅದನ್ನು ಅಡ್ಡ ಹಾಕಿದರೆ, ಮಂಡಿನೋವಿನಿಂದ ಹಿಂದುಳಿದ ಓರಗಿತ್ತಿ ಕಾಶಮ್ಮ ಸರಿದಾರಿ ಹಿಡಿಯುತ್ತಾಳೆ. ಬೆಳಗ್ಗೆ ಬುತ್ತಿ ಕಟ್ಟುವಾಗ ಅವಳು, “ಇದೇನೇ, ರೊಟ್ಟಿಯೋ ಚಕ್ಕಳವೋ?” ಎಂದು ಎಲ್ಲರೆದುರು ನಕ್ಕಿದ್ದಳು. ಮಲ್ಲಿಕಾಂಬ ಸೊಪ್ಪನ್ನು ಕೈಯಲ್ಲೇ ಹಿಸುಕಿ, ಪೊದೆಗೆಸೆದು, ಮುಂದೆ ಹೋಗಿದ್ದ ಗಂಡನನ್ನೂ ಉಳಿದವರನ್ನೂ ಸೇರಲು ಗುಡ್ಡ ಹತ್ತಿದಳು.

ಪುಷ್ಯದ ಬಿಸಿಲು ಇಳಿಯತೊಡಗಿದಾಗ ಕಾಶಮ್ಮ ಕುಂಟುತ್ತ ಬಂದಳು. ಸೆರಗು ಮುಳ್ಳಿಗೆ ಸಿಕ್ಕಿ ಹರಿದಿತ್ತು, ಹಿಮ್ಮಡಿಯಲ್ಲಿ ರಕ್ತ.

“ಅತ್ತಿಗೆಗೆ ಸೊಪ್ಪು ಹಾಕ್ಲಿಲ್ವೇನೇ?” ಗಂಡ ಮಲ್ಲಿಕಾಂಬಳನ್ನು ಗದರಿದ.

“ಅವಳನ್ಯಾಕಪ್ಪಾ ಬೈತೀಯ? ಹಾಕಿರ್ತಾಳೆ. ಯಾವ್ದೋ ದನ ತಿಂದಿರ್ಬೇಕು,” ಎನ್ನುತ್ತ ಕಾಶಮ್ಮ ಕಲ್ಲಿನ ಮೇಲೆ ಕುಸಿದಳು. “ಹೊಟ್ಟೆ ಹಸೀತೈತೆ ಕಣೇ, ಆ ನಿನ್ ಚಕ್ಕಳಾನೇ ಕೊಡು.”

ರೊಟ್ಟಿ ಹಿಡಿದು ಚಾಚಿದ ಮಲ್ಲಿಕಾಂಬಳ ಬೆರಳುಗಳಿಗೆ ಸೊಪ್ಪಿನ ಹಸಿರು ಇನ್ನೂ ಅಂಟಿತ್ತು.