ಟೋರ್ಲೈವ್‌ನ ತಟ್ಟೆ

ಬೆಳಿಗ್ಗೆ ನದಿಯಲ್ಲಿ ಹಿಡಿದ ಟ್ರೌಟ್ ಮೀನನ್ನು ಬೆಣ್ಣೆಯಲ್ಲಿ ಹುರಿದು, ಗುಡ್ವೈಗ್ ಊರ ಸಭೆಯ ಊಟದಲ್ಲಿ ಮೊದಲು ಟೋರ್ಲೈವ್‌ನ ತಟ್ಟೆಗೇ ಬಡಿಸಿದಳು. ಸುತ್ತ ಕೂತವರೆಲ್ಲ ಅವನತ್ತ ತಿರುಗಿದರು. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫಿಯೋರ್ಡ್‌ನಲ್ಲಿ ಬಲೆ ಕಟ್ಟಿ ಟ್ರೌಟ್ ಸಾಕುವವನು ಅವನೊಬ್ಬನೇ. ಅಲ್ಲಿಂದ ನುಸುಳಿದ ಮೀನುಗಳು ವರ್ಷವರ್ಷವೂ ನದಿಯ ಸಾಲ್ಮನ್ ಮೊಟ್ಟೆಗಳನ್ನು ಮುಕ್ಕಿ, ಸಾಲ್ಮನ್ ಹಿಡಿದು ಬದುಕುವ ಅವಳ ಕಸುಬನ್ನೇ ಮುಗಿಸಿದ್ದವು.

“ನನ್ನ ಬಲೆಯಿಂದ ಒಂದೂ ತಪ್ಪಿಸ್ಕೊಂಡಿಲ್ಲ ಕಣೇ. ಇದು ನಿನ್ನ ನದೀದೇ,” ಎಂದು ಅವನು ನಕ್ಕ.

“ಹಾಗಾದ್ರೆ ತಿನ್ನು ಮಾರಾಯ. ಆಲೂಗಡ್ಡೆ ಹಾಕ್ಲಾ?”

ಅವನು ಫೋರ್ಕ್ ಎತ್ತಿ, ಮತ್ತೆ ಇಳಿಸಿದ. ಮೈಗೆ ಕಡಲ ಹೇನು ಹತ್ತಿದ ತನ್ನ ಸಾಕುಮೀನುಗಳಿಗೆಲ್ಲ ಹೋದ ವಾರವಷ್ಟೇ ಮದ್ದು ಹಾಕಿಸಿದ್ದ. ಅದರ ಅಂಶ ಮೀನಿನ ಮೈಯಿಂದ ಇಳಿಯುವವರೆಗೆ ಅವನ್ನು ಯಾರೂ ತಿನ್ನುವಂತಿರಲಿಲ್ಲ.

“ಹೊಟ್ಟೆ ಸರಿಯಿಲ್ಲ,” ಎಂದ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಗುಡ್ವೈಗ್ ಕುರ್ಚಿ ಎಳೆದುಕೊಂಡು ಅವನೆದುರೇ ಕೂತಳು.

“ನಮಗೇನೂ ಅವಸರ ಇಲ್ಲ. ಆರಿದ್ರೆ ಮತ್ತೆ ಬಿಸಿ ಮಾಡಿ ಕೊಡ್ತೀನಿ.”