ಬಟಾಣಿಗೆ ಯಾರು ಕಲಿಸಿದ್ದು?

ಬಟಾಣಿ ಮುಂಗಾಲೆತ್ತಿ ಕೈ ಕೊಟ್ಟಿತು.

ಹೆಂಡತಿ ಕೈ ಚಾಚಿರಲಿಲ್ಲ. ಬ್ರೆಡ್ಡಿನ ಚೂರು ಹಿಡಿದು "ಕೂತ್ಕೋ" ಎಂದಿದ್ದಳು, ಅಷ್ಟೇ. ಎರಡೂವರೆ ತಿಂಗಳ ನಾಯಿಮರಿ ಕೂತಿತು, ಬಲಗಾಲನ್ನು ಅವಳ ಮೊಣಕಾಲ ಮೇಲಿಟ್ಟಿತು, ಸನ್ಮಾನಕ್ಕೆ ಬಂದವರ ಹಾಗೆ ಗಂಭೀರವಾಗಿ ಕಾಯತೊಡಗಿತು.

"ಇದನ್ನ ಯಾರು ಕಲಿಸಿದ್ದು?"

"ನೀನೇ ಇರಬೇಕು," ಎಂದ ಗಂಡ, ಶೂ ಲೇಸು ಕಟ್ಟುತ್ತ.

"ನಾನಲ್ಲ."

"ಹಾಗಾದ್ರೆ ತಾನೇ ಕಲ್ತಿದೆ. ನನ್ನ ಥರ, ಬುದ್ಧಿವಂತ."

"ನಿಮ್ಮ ವಂಶದಲ್ಲಿ ಅದು ಯಾವಾಗಿಂದ ಶುರುವಾಯ್ತು?" ಅವಳು ಮುಷ್ಟಿ ಬಿಚ್ಚಿದಳು. ಒಳಗೆ ಕೂದಲ ಕ್ಲಿಪ್ಪು. ಕೆಂಪು ಚಿಟ್ಟೆಯದ್ದು. "ಇದು ಬಟಾಣಿ ಬಾಯಲ್ಲಿತ್ತು. ಹುಟ್ಟಿದಾಗಿಂದ ನಾನು ಚಿಟ್ಟೆ ಹಾಕಿಲ್ಲ. ಯಾರವಳು?"

ಗಂಡನ ಕೈಯಲ್ಲಿ ಲೇಸು ಗಂಟಾಯಿತು.

ಮದುವೆಯಾಗಿ ನಾಲ್ಕು ತಿಂಗಳು, ಈ ಮನೆಗೆ ಬಂದು ಆರು ವಾರ. ಮೇಲಿನ ಮಹಡಿ. ಒಂದು ಕೋಣೆ, ಒಂದು ಅಡುಗೆಮನೆ, ಮಂಚ, ಎರಡು ಬೀರು. ಒಂದು ಬೀರು ಇವರಿಗೆ. ಇನ್ನೊಂದಕ್ಕೆ ಬೀಗ. "ಅದು ನನ್ನದು, ಅದರ ತಂಟೆಗೆ ಹೋಗಬೇಡಿ," ಎಂದಿದ್ದ ಮಾಲೀಕ. ಅವನ ಷರತ್ತುಗಳಿಗೆ ತಲೆಬುಡವೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿ, ಒಂದೇ ಹೊತ್ತಿನ ಕೆಲಸ ಇರಬೇಕು. ಆರೂವರೆಗೆ ಮನೆ ಖಾಲಿ ಇರಬೇಕು. ರಜೆ ದಿನ ಜಿರಳೆಗೆ ಔಷಧಿ ಹೊಡೆಸುತ್ತಾನೆ, ಅವತ್ತು ಹೆಂಡತಿಯ ತಾಯಿಮನೆಗೆ ಹೋಗಬೇಕು. ಪ್ರತಿ ರಜೆಗೂ ಹಾಜರಾಗುವ ಮಗಳನ್ನು ಕಂಡು ಆ ತಾಯಿ ಅಳಿಯನ ಬಗ್ಗೆ ಏನೇನೋ ಊಹಿಸತೊಡಗಿದ್ದಳು. ಆರು ವಾರದಲ್ಲಿ ಒಂದೇ ಒಂದು ಜಿರಳೆ ಸತ್ತು ಬಿದ್ದದ್ದನ್ನು ಯಾರೂ ಕಾಣಲಿಲ್ಲ.

ಗಂಡನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಇಪ್ಪತ್ತು ಮನೆಗಳ ಮೆಟ್ಟಿಲು ಹತ್ತಿ ಇಳಿದವನಿಗೆ ವಾದ ಮಾಡುವ ಸೊಕ್ಕು ಉಳಿದಿರಲಿಲ್ಲ. ಅವನದು ಡಬ್ಬ ಮುಚ್ಚುವ ಮೆಷಿನ್ನು, ಅವಳದು ಚೀಟಿ ಅಂಟಿಸುವುದು. ಆರೂವರೆಗೆ ಕಂಪನಿ ಬಸ್ಸು ಹತ್ತಿದರೆ ಮರಳಿ ಬರುವುದು ಏಳೂವರೆಗೆ. ಬಂದವರೇ ಎರಡು ತುತ್ತು ತಿಂದು, ಕಿಟಕಿಗೆ ಕಪ್ಪು ಪರದೆ ಎಳೆದು, ಬೀದಿಯ ಗದ್ದಲಕ್ಕೆ ಕಿವಿಗೆ ಹತ್ತಿ ತುರುಕಿ ಹೆಣದ ಹಾಗೆ ಬೀಳುತ್ತಿದ್ದರು.

ಮೂರನೇ ದಿನ ಕೆಲಸದಿಂದ ಬಂದಾಗ ಮಂಚದ ಮೇಲೆ ಮರಿ ಕೂತಿತ್ತು.

ಅವಳು ಚೀರಿ ಗಂಡನ ಕೊರಳಿಗೆ ಜೋತುಬಿದ್ದಳು. "ನನಗೋಸ್ಕರ ತಂದ್ರಾ?"

ಅವನು ತಂದಿರಲಿಲ್ಲ. ಆದರೆ ಹುಟ್ಟಿದಂದಿನಿಂದ ಯಾರೂ ಅವನ ಕೊರಳಿಗೆ ಹಾಗೆ ಜೋತುಬಿದ್ದಿರಲಿಲ್ಲ. "ಹೂಂ," ಎಂದುಬಿಟ್ಟ. ಕಿಟಕಿಯಿಂದ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಕಿಟಕಿಗೆ ಸರಳುಗಳಿದ್ದವು.

ನಾಯಿ ಕಂಡು ಮಾಲೀಕ ಕೂಗಾಡಲಿಲ್ಲ. ನಕ್ಕ. "ಇರಲಿ ಬಿಡಯ್ಯ. ಮನೇಲಿ ನಾಯಿ ಇದ್ರೆ ಒಳ್ಳೇದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅದರ ತಲೆಗೆ ಕಟ್ಟಬಹುದು. ರಜೆ ದಿನ ಮಾತ್ರ ಅದನ್ನ ಇಲ್ಲೇ ಬಿಟ್ಟುಹೋಗಿ, ನಾನು ನೋಡ್ಕೋತೀನಿ."

ಅಂದಿನಿಂದ ಎಲ್ಲವೂ ಬಟಾಣಿಯ ತಲೆಗೇ. ಸೋಪು ಸವೆದರೆ ಬಟಾಣಿ ನೆಕ್ಕಿತು. ಬಚ್ಚಲ ಚಪ್ಪಲಿ ಒದ್ದೆಯಾದರೆ ಬಟಾಣಿ ಎಳೆದಾಡಿತು. ಕೆಲಸದಿಂದ ಬಂದಾಗ ಹಾಸಿಗೆ ಬೆಚ್ಚಗಿದ್ದರೆ ಬಟಾಣಿ ಮಲಗಿತ್ತು. ಅಂಗೈಯಗಲದ ಮರಿ ಡಬಲ್ ಹಾಸಿಗೆಯನ್ನು ಎರಡೂ ಕಡೆ ಬೆಚ್ಚಗೆ ಮಾಡುತ್ತಿತ್ತು.

ಕ್ಲಿಪ್ಪನ್ನು ಮಾತ್ರ ಅದರ ತಲೆಗೆ ಕಟ್ಟಲಾಗಲಿಲ್ಲ.

"ನಾನು ವಾಪಸ್ ಬರೋದ್ರೊಳಗೆ ಅವಳ ಹೆಸರು ಬೇಕು," ಎಂದಳು ಹೆಂಡತಿ. "ಇಲ್ಲಾಂದ್ರೆ ಅಮ್ಮನ ಮನೆಗೆ ಹೋಗ್ತೀನಿ. ಬಟಾಣಿನೂ ಬರುತ್ತೆ. ಅದೊಂದನ್ನಾದ್ರೂ ನೀವು ನಿಜವಾಗಿ ನನಗೋಸ್ಕರ ತಂದಿದ್ದು."

ನಿಜ ಹೇಳಲು ಅವನು ಬಾಯಿ ತೆರೆದ. ಮುಚ್ಚಿದ. ಆ ಒಂದು ಸುಳ್ಳು ಬಿದ್ದರೆ ಉಳಿದ ನಿಜಗಳನ್ನೆಲ್ಲ ಯಾರು ನಂಬುತ್ತಾರೆ?

"ಇವತ್ತು ನಾನು ಬಸ್ಸು ಹತ್ತಲ್ಲ," ಎಂದ. "ಯಾರೋ ಬರ್ತಿದ್ದಾರೆ. ಹಿಡೀತೀನಿ."

"ಹಿಡಿದ್ರೆ ನಂಬ್ತೀನಿ."

ಅವಳೊಬ್ಬಳೇ ಇಳಿದಳು. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ತಲೆ ಎಣಿಸುತ್ತಿದ್ದ ಮಾಲೀಕನಿಗೆ "ಅವರು ಆಗಲೇ ಹೋದ್ರು" ಎನ್ನುವುದು ಮೇಲಕ್ಕೂ ಕೇಳಿಸಿತು. ಗಂಡ ಪೊರಕೆಯನ್ನು ಎದೆಗೆ ಅವಚಿಕೊಂಡು ಮಂಚದ ಕೆಳಗೆ ತೂರಿದ. ಹೊಸ ಆಟ ಸಿಕ್ಕಿತೆಂದು ಬಟಾಣಿ ಅವನ ಮೂಗು ನೆಕ್ಕಿತು.

ಒಂದು ಗಂಟೆ ಕಳೆಯಿತು. ಬೀಗ ತಿರುಗಿತು. ಒಡೆದ ಸದ್ದಲ್ಲ, ಎಣ್ಣೆ ಹಾಕಿದ ಹಾಗೆ, ಸಲೀಸಾಗಿ.

ನಾಲ್ಕು ಕಾಲುಗಳು ಒಳಬಂದವು. ಎರಡು ಗಂಡಸಿನವು, ಎರಡು ಹೆಂಗಸಿನವು. ನಾಲ್ಕರಲ್ಲೂ ಕಂಪನಿಯ ನೀಲಿ ಶೂ, ಅವನ ಕಾಲಲ್ಲಿದ್ದಂಥವೇ. ಬಿಚ್ಚಿ ಬಾಗಿಲ ಪಕ್ಕ ಒಪ್ಪವಾಗಿ ಜೋಡಿಸಿದರು. ಎರಡನೇ ಬೀರಿನ ಬೀಗ ತೆಗೆದರು.

"ದೊರೆ, ಬಾರೋ!" ಎಂದಳು ಹೆಂಗಸು. ಮೂರು ಸಲ ಕರೆಯದೆ ಎಂದೂ ಕದಲದ ಬಟಾಣಿ ಬಾಣದಂತೆ ಹಾರಿತು. "ಕೈ ಕೊಡು. ಜಾಣ! ರೀ, ಮತ್ತೆ ಸೋಪು ಕರಗಿದೆ."

"ದೊರೆ ನೆಕ್ಕಿರ್ತಾನೆ ಬಿಡೇ."

"ಹಾಸಿಗೆ ಹೊದಿಕೆನೂ ಅವನೇ ಮಡಚಿ ಇಟ್ನಾ? ನನ್ನ ಚಿಟ್ಟೆ ಕ್ಲಿಪ್ಪೂ ಇಲ್ಲ. ನಾವು ಹಗಲೆಲ್ಲ ಮೆಷಿನ್ ಮುಂದೆ ಸಾಯ್ತಿದ್ರೆ ಇಲ್ಲಿ ಯಾರು ಬರ್ತಿದ್ದಾರೆ?"

ಹಗಲೆಲ್ಲ ಆ ಹಾಸಿಗೆಯಲ್ಲಿ ಮಲಗುವವನು ಅದೇ ಹಾಸಿಗೆಯ ಕೆಳಗೆ ಉಸಿರು ಬಿಗಿಹಿಡಿದ.

"ಈ ಮನೇಲಿ ನನಗೆ ಅಂತ ಇರೋದು ದೊರೆ ಒಬ್ಬನೇ," ಎಂದಳು ಅವಳು. "ಅವನನ್ನ ನೀವೇ ತಂದಿದ್ದು ತಾನೆ?"

ಗಂಡಸು ತಕ್ಷಣ ಉತ್ತರಿಸಲಿಲ್ಲ. ಆ ಮೌನ ಮಂಚದ ಕೆಳಗಿನವನಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ, ಮೆಟ್ಟಿಲ ಬುಡದಲ್ಲಿ, ಮಾಲೀಕನ ಕುರ್ಚಿ ನೆಮ್ಮದಿಯಾಗಿ ಕಿರುಗುಟ್ಟಿತು.

"ಹೂಂ," ಎಂದ ಗಂಡಸು. "ನಾಳೆ ನಾನು ಬಸ್ಸು ಹತ್ತಲ್ಲ. ಮಂಚದ ಕೆಳಗೆ ಮಲಗಿ ಹಿಡೀತೀನಿ."

"ಆ ಹೊಟ್ಟೆ ಇಟ್ಕೊಂಡು? ಅಲ್ಲಿ ಹಿಡಿಸ್ತೀರಾ ನೀವು?"

"ನೋಡೇಬಿಡೋಣ," ಎಂದು ಅವನು ಮಂಡಿಯೂರಿ ಬಗ್ಗಿದ. ಒಳಗಿದ್ದವನು, ಬೇರೇನೂ ತೋಚದೆ, ಬಲಗೈ ಎತ್ತಿ ಮುಂದೆ ಚಾಚಿದ.